ಸೊಂಟದ ನರನಾಳ ಕಿರಿದಾದವರಿಗೆ: ಸೀಮಿತ ಡಿಕಂಪ್ರೆಷನ್ ಆಪರೇಷನ್ನಿಗೆ ಮೊದಲು ಮತ್ತು ಆಮೇಲೆ

ಅರವತ್ತು ದಾಟಿದವರೊಬ್ಬರು ತೋಟದ ಏರನ್ನು ತಕ್ಕಮಟ್ಟಿಗೆ ಹತ್ತಿಬಿಡುತ್ತಾರೆ, ಇಳಿಯುವಾಗ ಮಾತ್ರ ಕಾಲು ಭಾರವಾಗಿ, ಜೋಮು ಹಿಡಿದು, ಸಿಕ್ಕಿದ ಕಲ್ಲಿನ ಮೇಲೆ ಕೂತುಬಿಡುತ್ತಾರೆ ಎಂದರೆ ಮೊಣಕಾಲಿನ ಜೊತೆಗೆ ಸೊಂಟದೊಳಗಿನ ನರನಾಳವನ್ನೂ ಅನುಮಾನಿಸಬೇಕು. ಏರು ಹತ್ತುವಾಗ ಮೈ ತಾನಾಗಿ ಮುಂದಕ್ಕೆ ಬಾಗುತ್ತದೆ, ಬಾಗಿದಾಗ ನಾಳ ಸ್ವಲ್ಪ ಅಗಲವಾಗುತ್ತದೆ. ಇಳಿಜಾರಿನಲ್ಲಿ ಬೀಳದಿರಲೆಂದು ಮೈಯನ್ನು ಹಿಂದಕ್ಕೆ ಹಿಡಿಯುತ್ತೇವೆ, ಆಗ ಅದೇ ನಾಳ ಇನ್ನಷ್ಟು ಬಿಗಿಯಾಗುತ್ತದೆ. ಡಾಕ್ಟರು ಇದನ್ನು ಲಂಬಾರ್ ಕೆನಾಲ್ ಸ್ಟೆನೋಸಿಸ್ ಎನ್ನುತ್ತಾರೆ, ಚೀಟಿಯಲ್ಲಿ ಎಲ್‌ಸಿಎಸ್ ಎಂದಷ್ಟೇ ಬರೆದಿರುತ್ತಾರೆ.

ಇದಕ್ಕೆ ಮಾಡುವ ಆಪರೇಷನ್‌ಗಳಲ್ಲಿ ಚಿಕ್ಕದು ಸೀಮಿತ ಡಿಕಂಪ್ರೆಷನ್. ನರವನ್ನು ಒತ್ತುತ್ತಿರುವಷ್ಟು ಭಾಗವನ್ನು ಮಾತ್ರ ತೆಗೆದು, ಬೆನ್ನುಮೂಳೆಯ ಉಳಿದ ಕಟ್ಟಡವನ್ನು ಹಾಗೇ ಬಿಡುವ ವಿಧಾನ ಇದು. ಮೊದಲೇ ಎರಡು ಮಾತು ಹೇಳಿಬಿಡಬೇಕು. ಈ ಆಪರೇಷನ್ ಇರುವುದು ಕಾಲಿನ ತೊಂದರೆಗೆ, ನಡೆಯಲಾಗದ ಕಷ್ಟಕ್ಕೆ. ಬರೀ ಸೊಂಟನೋವಿಗೆ ಮಾಡಿಸಿಕೊಂಡರೆ ನಿರಾಸೆಯಾಗುವ ಸಂಭವ ಹೆಚ್ಚು. ಎರಡನೆಯದು, ಮೂಳೆ ಜಾರದೆ ಗಟ್ಟಿಯಾಗಿರುವವರಿಗೆ ಸ್ಕ್ರೂ ಮತ್ತು ರಾಡ್ ಹಾಕಿ ಮೂಳೆ ಬೆಸೆಯುವ ದೊಡ್ಡ ಆಪರೇಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಮೊದಲು ಕಾಯಿಲೆ ಇದೇ ಹೌದೇ ಎಂದು ನೋಡಿ

ಸೊಂಟದ ಭಾಗದಲ್ಲಿ ಬೆನ್ನುಮೂಳೆಯ ಐದು ಮಣಿಗಳು, ಅಂದರೆ ಕಶೇರುಗಳಿವೆ, ಎಲ್1ರಿಂದ ಎಲ್5ರವರೆಗೆ. ಬೆನ್ನುಹುರಿ ಎಲ್1-ಎಲ್2ರ ಹತ್ತಿರವೇ ಮುಗಿದುಹೋಗುತ್ತದೆ. ಅದರ ಕೆಳಗೆ ನಾಳದೊಳಗೆ ಇರುವುದು ಕಾಲಿಗೆ, ಮೂತ್ರಕೋಶಕ್ಕೆ, ಗುದದ್ವಾರಕ್ಕೆ ಹೋಗುವ ನರಗಳ ಗೊಂಚಲು. ವಯಸ್ಸಾದಂತೆ ಕಶೇರುಗಳ ನಡುವಿನ ಮೆತ್ತೆಯಂಥ ಡಿಸ್ಕ್ ಮುಂದಿನಿಂದ ಉಬ್ಬುತ್ತದೆ, ಕಶೇರುಗಳನ್ನು ಜೋಡಿಸುವ ಎರಡು ಬದಿಯ ಫೆಸೆಟ್ ಕೀಲುಗಳು ದಪ್ಪವಾಗುತ್ತವೆ, ಹಿಂದಿನ ಲಿಗಮೆಂಟಮ್ ಫ್ಲೇವಮ್ ಎಂಬ ಹಳದಿ ಪಟ್ಟಿ ಉಬ್ಬಿ ಒಳಕ್ಕೆ ಮಡಚಿಕೊಳ್ಳುತ್ತದೆ. ಮೂರೂ ಕಡೆಯಿಂದ ಒತ್ತಿದಾಗ ನರಗಳಿಗೆ ಜಾಗವೂ ಸಾಲದು, ರಕ್ತವೂ ಸಾಲದು. ಹೆಚ್ಚಾಗಿ ಸಿಕ್ಕಿಕೊಳ್ಳುವ ಜಾಗ (ಡಾಕ್ಟರ ಮಾತಿನಲ್ಲಿ ಲೆವೆಲ್) ಎಲ್4-ಎಲ್5, ಅದರ ನಂತರ ಎಲ್3-ಎಲ್4.

ಲಕ್ಷಣ ಗುರುತಿಸುವುದು ಕಷ್ಟವಲ್ಲ. ನಿಂತರೆ, ನಡೆದರೆ ಪಿರ್ರೆ, ತೊಡೆ, ಮೀನಖಂಡಗಳಲ್ಲಿ ನೋವು, ಸೆಳೆತ ಅಥವಾ ಮರಗಟ್ಟುವಿಕೆ. ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಕೆಲವೇ ನಿಮಿಷದಲ್ಲಿ ಹಗುರ. ಸುಮ್ಮನೆ ನಿಂತರೆ ಹಗುರವಾಗುವುದಿಲ್ಲ. ಮದುವೆ ಮನೆಯಲ್ಲಿ ಊಟದ ಸಾಲಿನಲ್ಲಿ ನಿಲ್ಲಲಾಗದವರು ಸೈಕಲ್ಲನ್ನು ಆರಾಮವಾಗಿ ತುಳಿಯಬಲ್ಲರು, ಯಾಕೆಂದರೆ ಸೈಕಲ್ ಮೇಲೆ ಸೊಂಟ ಬಾಗಿರುತ್ತದೆ.

ಇದೇ ರೀತಿ ನಟಿಸುವ ಬೇರೆ ಕಾಯಿಲೆಗಳಿವೆ. ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೂ ನಡೆದರೆ ಮೀನಖಂಡ ನೋಯುತ್ತದೆ. ಆದರೆ ಅವರಿಗೆ ಏರಿನಲ್ಲೇ ಕಷ್ಟ ಜಾಸ್ತಿ, ನಿಂತಲ್ಲೇ ನಿಂತರೂ ನೋವು ಇಳಿಯುತ್ತದೆ. ಪಾದದ ಮೇಲ್ಭಾಗದಲ್ಲಿ ಮತ್ತು ಪಾದದ ಗಂಟಿನ ಒಳಬದಿಯ ಮೂಳೆಯ ಹಿಂದೆ ನಾಡಿ ಸಿಗುತ್ತದೆಯೇ ಎಂದು ಡಾಕ್ಟರು ಮುಟ್ಟಿ ನೋಡಬೇಕು. ಬೀಡಿ, ಸಿಗರೇಟು ಸೇದುವವರಿಗೆ ಮತ್ತು ಶುಗರ್ ಇರುವವರಿಗೆ ಈ ಪರೀಕ್ಷೆ ತಪ್ಪಿಸುವಂತೆಯೇ ಇಲ್ಲ. ಶುಗರ್‌ನಿಂದ ನರ ಸೊರಗಿದ್ದರೆ ಪಾದ ಉರಿಯುವುದು ರಾತ್ರಿ ಮಲಗಿದಾಗಲೇ ಹೆಚ್ಚು, ಕೂತರೂ ನಿಂತರೂ ಅದರಲ್ಲಿ ವ್ಯತ್ಯಾಸವಿಲ್ಲ. ವಿಟಮಿನ್ ಬಿ12 ಕೊರತೆಯನ್ನು ರಕ್ತಪರೀಕ್ಷೆಯಲ್ಲಿ ತಿಳಿಯಬಹುದು. ಸೊಂಟದ ಕೀಲು ಸವೆದಿದ್ದರೆ ತೊಡೆಸಂದಿಯಲ್ಲಿ ನೋವು, ಕಾಲು ಮಡಚಿ ಚಪ್ಪಲಿ ಹಾಕಿಕೊಳ್ಳಲು ಕಷ್ಟ. ಕೈಬೆರಳು ಒರಟಾಗಿ ಅಂಗಿಯ ಗುಂಡಿ ಹಾಕಲಾಗುತ್ತಿಲ್ಲ, ನಡೆಯುವಾಗ ತೂರಾಡಿದಂತಾಗುತ್ತದೆ ಎಂದರೆ ಕುತ್ತಿಗೆಯ ಎಂಆರ್‌ಐ ಮೊದಲು ಆಗಬೇಕು. ಕುತ್ತಿಗೆಯಲ್ಲೂ ನಾಳ ಕಿರಿದಾಗಿದ್ದು, ಅದು ತಿಳಿಯದೆ ಸೊಂಟದ ಆಪರೇಷನ್ನಿಗೆ ಅರಿವಳಿಕೆ ಕೊಟ್ಟು ಕುತ್ತಿಗೆ ಹಿಂದಕ್ಕೆ ಬಾಗಿಸಿದರೆ ಅಪಾಯವಾಗಬಹುದು.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಎರಡು ವಾರ ಬರೆಯಿರಿ: ಸಮತಟ್ಟು ಜಾಗದಲ್ಲಿ ಕೂರದೆ ಎಷ್ಟು ನಿಮಿಷ ನಡೆದಿರಿ, ಎಷ್ಟು ಹೊತ್ತು ನಿಂತಿರಿ, ಯಾವ ಕಾಲು ಮೊದಲು ಹಿಡಿಯಿತು, ಜೋಮು ಪಾದದ ಯಾವ ಬದಿಗೆ ಬಂತು. ಆಪರೇಷನ್ ಬೇಕೇ ಎಂದು ತೀರ್ಮಾನಿಸಲು ಡಾಕ್ಟರಿಗೆ ಇದು ಎಂಆರ್‌ಐ ರಿಪೋರ್ಟಿನಷ್ಟೇ ಮುಖ್ಯ. ಆಪರೇಷನ್ ಆದಮೇಲೆ ಗುಣ ಎಷ್ಟಾಯಿತು ಎಂದು ಅಳೆಯಲು ನಿಮ್ಮ ಕೈಯಲ್ಲಿ ಇರುವುದೂ ಇದೇ.

ಕೆಲವು ಲಕ್ಷಣಗಳಿಗೆ ನೋಟ್‌ಬುಕ್ ಬೇಡ, ಅದೇ ದಿನ ಆಸ್ಪತ್ರೆಗೆ ಹೊರಡಬೇಕು. ಮೂತ್ರ ಕಟ್ಟಿಕೊಂಡಿದೆ ಅಥವಾ ಗೊತ್ತಿಲ್ಲದೆ ಹೋಗುತ್ತಿದೆ, ಶೌಚದ ಹಿಡಿತ ತಪ್ಪಿದೆ, ಜನನಾಂಗ ಮತ್ತು ಗುದದ್ವಾರದ ಸುತ್ತ ಮುಟ್ಟಿದರೆ ತಿಳಿಯುತ್ತಿಲ್ಲ, ಪಾದ ಇದ್ದಕ್ಕಿದ್ದಂತೆ ಎತ್ತಲಾಗದೆ ನೆಲಕ್ಕೆ ಬಡಿಯುತ್ತಿದೆ. ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಕರೆ ಮಾಡಿ. ರಾತ್ರಿಯಾಗಿದೆ, ಮಳೆ ಬರುತ್ತಿದೆ, ಬೆಳಿಗ್ಗೆ ನೋಡೋಣ ಎನ್ನಬೇಡಿ. ನರದ ಗೊಂಚಲು ಪೂರ್ತಿ ಅಮುಕಿಕೊಂಡಾಗ ಒಂದೆರಡು ದಿನದೊಳಗೆ ಬಿಡಿಸದಿದ್ದರೆ ಮೂತ್ರದ ಹಿಡಿತ ಮರಳಿ ಬರುವ ಭರವಸೆ ಇರುವುದಿಲ್ಲ.

ಸ್ಕ್ಯಾನ್ ಮತ್ತು ಎಕ್ಸ್‌ರೇ

ಎಂಆರ್‌ಐ ಮಾಡಿಸಿದಾಗ ರಿಪೋರ್ಟಿನ ಹಾಳೆಯನ್ನಷ್ಟೇ ತರಬೇಡಿ, ಸಿಡಿ ಅಥವಾ ಫಿಲ್ಮನ್ನೂ ಕೇಳಿ ಪಡೆಯಿರಿ. ಟಿ2 ಎಂಬ ಚಿತ್ರದಲ್ಲಿ ಆರೋಗ್ಯವಾದ ನಾಳ ಬಿಳಿ ಚೀಲದಂತೆ ಕಾಣುತ್ತದೆ, ಒಳಗೆ ನರಗಳು ಕಪ್ಪು ಚುಕ್ಕಿಗಳಾಗಿ ತೇಲುತ್ತವೆ. ತೀವ್ರವಾಗಿ ಕಿರಿದಾದ ಕಡೆ ಬಿಳಿಯೇ ಇರುವುದಿಲ್ಲ, ಬೂದು ಮುದ್ದೆ ಮಾತ್ರ. ಚೀಲದ ಅಡ್ಡಕೊಯ್ತದ ವಿಸ್ತೀರ್ಣ 100 ಚದರ ಮಿಲಿಮೀಟರ್‌ಗಿಂತ ಕಡಿಮೆಯಾದರೆ ಕಿರಿದು, 75ಕ್ಕಿಂತ ಕಡಿಮೆಯಾದರೆ ತೀವ್ರ ಎಂಬುದು ರೂಢಿಯ ಅಳತೆ.

ಹಾಗಿದ್ದೂ ಅಂಕಿ ನೋಡಿ ಗಾಬರಿಯಾಗಬೇಡಿ. ಅರವತ್ತು ದಾಟಿದ ಎಷ್ಟೋ ಜನರ ಸ್ಕ್ಯಾನಿನಲ್ಲಿ ಕಿರಿದಾದ ನಾಳ ಕಾಣುತ್ತದೆ, ಅವರು ನಡೆದಾಡಿಕೊಂಡು ಚೆನ್ನಾಗಿಯೇ ಇರುತ್ತಾರೆ. ರಿಪೋರ್ಟಿನಲ್ಲಿ ಮೂರು ಜಾಗ ಬರೆದಿದ್ದರೂ ಕಾಲಿನ ಲಕ್ಷಣಕ್ಕೆ ಹೊಂದುವುದು ಒಂದೋ ಎರಡೋ ಇರಬಹುದು. ಆಪರೇಷನ್ ಆಗಬೇಕಾದದ್ದು ಆ ಹೊಂದುವ ಜಾಗಕ್ಕೆ.

ಎಂಆರ್‌ಐ ಮಲಗಿಸಿ ತೆಗೆಯುವುದರಿಂದ ಮೂಳೆ ಜಾರುವುದು ಅದರಲ್ಲಿ ಕಾಣದೇ ಹೋಗಬಹುದು. ಆದ್ದರಿಂದ ನಿಲ್ಲಿಸಿ, ಮುಂದಕ್ಕೆ ಬಾಗಿಸಿ, ಹಿಂದಕ್ಕೆ ಬಾಗಿಸಿ ತೆಗೆದ ಎಕ್ಸ್‌ರೇ ಬೇಕೇ ಬೇಕು. ಒಂದು ಕಶೇರು ಇನ್ನೊಂದರ ಮೇಲೆ ಬಾಗುವಾಗಲೆಲ್ಲ 3-4 ಮಿಲಿಮೀಟರ್ ಸರಿದಾಡುತ್ತಿದ್ದರೆ ಲೆಕ್ಕಾಚಾರ ಬದಲಾಗುತ್ತದೆ. ಹೆಚ್ಚು ಖರ್ಚಿಲ್ಲದ ಈ ಎಕ್ಸ್‌ರೇ ಇಲ್ಲದೆ ಸ್ಕ್ರೂ ಬೇಕು ಅಥವಾ ಬೇಡ ಎಂದು ಯಾರಾದರೂ ಹೇಳಿದರೆ, ಮೊದಲು ಅದನ್ನು ತೆಗೆಸಿ ಎಂದು ಕೇಳುವುದು ತಪ್ಪಲ್ಲ.

ಕಾಯಬಹುದೇ?

ಕಾಲಿನ ಬಲ ಕುಂದಿಲ್ಲ, ಮೂತ್ರದ ತೊಂದರೆ ಇಲ್ಲ ಎಂದಾದರೆ ಕಾಯಬಹುದು. ಬಹಳ ಜನರಲ್ಲಿ ಈ ಕಾಯಿಲೆ ವರ್ಷಗಟ್ಟಲೆ ಇದ್ದಂತೆಯೇ ಇರುತ್ತದೆ, ಕೆಲವರಲ್ಲಿ ತಾನಾಗಿ ಸುಧಾರಿಸುವುದೂ ಉಂಟು. ಮೂರು ತಿಂಗಳಾದರೂ ಫಿಸಿಯೋಥೆರಪಿ ಮಾಡಿ: ಬೆನ್ನ ಮೇಲೆ ಮಲಗಿ ಮಂಡಿಗಳನ್ನು ಎದೆಗೆ ತರುವುದು, ಹೊಟ್ಟೆಯ ಸ್ನಾಯು ಬಿಗಿಯುವುದು, ಸ್ಥಿರ ಸೈಕಲ್ ತುಳಿಯುವುದು. ಸೊಂಟವನ್ನು ಹಿಂದಕ್ಕೆ ಬಗ್ಗಿಸುವ ಆಸನಗಳು ಈ ಕಾಯಿಲೆಗೆ ಬೇಡ. ಭುಜಂಗಾಸನ ಬೆನ್ನಿಗೆ ಒಳ್ಳೆಯದೆಂದು ಹಟಹಿಡಿದು ಮಾಡಿ ಕಾಲುನೋವು ಹೆಚ್ಚಿಸಿಕೊಳ್ಳುವವರಿದ್ದಾರೆ. ನಡೆಯುವಾಗ ಎದೆಯ ಮಟ್ಟದ ಕೋಲು ಹಿಡಿದು ಸ್ವಲ್ಪ ಮುಂದಕ್ಕೆ ಬಾಗಿದರೆ ಇಳಿಜಾರಿನಲ್ಲೂ ಸಹಾಯವಾಗುತ್ತದೆ.

ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಬೇಡಿ. ಬಿಪಿ, ಶುಗರ್ ಇರುವ ಹಿರಿಯರ ಕಿಡ್ನಿ ಅದರಿಂದ ಕೆಡಬಹುದು. ಬೆನ್ನಿಗೆ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಕೆಲವರಿಗೆ ಕೆಲವು ವಾರ ಆರಾಮ ಕೊಡುತ್ತದೆ, ನಾಳವನ್ನೇನೂ ಅಗಲ ಮಾಡುವುದಿಲ್ಲ. ಶುಗರ್ ಇರುವವರಿಗೆ ಇಂಜೆಕ್ಷನ್ ಆದಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ. ಇಂಜೆಕ್ಷನ್ ಪಡೆದು ಒಂದು ತಿಂಗಳೊಳಗೆ ಆಪರೇಷನ್ ಮಾಡಿಸಿದರೆ ಸೋಂಕಿನ ಅಪಾಯ ಹೆಚ್ಚು, ಹಾಗಾಗಿ ಯಾವಾಗ ಇಂಜೆಕ್ಷನ್ ತೆಗೆದುಕೊಂಡಿರಿ ಎಂಬ ತಾರೀಕನ್ನು ಸರ್ಜನ್‌ಗೆ ಹೇಳಿ.

ಕಾಯುವ ಅವಕಾಶ ಇರುವುದರಿಂದ ತಿಂಗಳನ್ನು ಆರಿಸಿಕೊಳ್ಳುವ ಅವಕಾಶವೂ ಇದೆ. ಕೊಡಗಿನವರಿಗೆ ನಮ್ಮ ಸಲಹೆ ರೊಬಸ್ಟಾ ಕುಯ್ಲು ಮುಗಿಯುವ ಮಾರ್ಚ್ ಅಥವಾ ಏಪ್ರಿಲ್ ಮೊದಲ ವಾರ. ಜೂನ್‌ನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಎಂಟು ವಾರ ಸಿಗುತ್ತದೆ. ಒಣ ನೆಲದ ಮೇಲೆ ನಡಿಗೆ ಗಟ್ಟಿಯಾಗಿರುತ್ತದೆ. ಅದು ತಪ್ಪಿದರೆ ಅಕ್ಟೋಬರ್, ಅರೇಬಿಕಾ ಕುಯ್ಲಿಗೆ ಮೊದಲು. ಜುಲೈ, ಆಗಸ್ಟ್‌ನಲ್ಲಿ ಮಾಡಿಸಿಕೊಂಡರೆ ಪಾಚಿ ಕಟ್ಟಿದ ಅಂಗಳದಲ್ಲಿ ನಡೆಯಲು ಕಲಿಯಬೇಕಾಗುತ್ತದೆ. ಆಸ್ಪತ್ರೆಗೆ ಮರಳಬೇಕಾದರೆ ರಸ್ತೆಯ ಚಿಂತೆಯೂ ಇದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿ-ಮಂಗಳೂರು ರಸ್ತೆ ಮುಚ್ಚಿಹೋದದ್ದು ಯಾರೂ ಮರೆತಿಲ್ಲ. ಬಲ ಕುಂದುತ್ತಿರುವವರಿಗೆ ಮಾತ್ರ ಈ ತಿಂಗಳ ಲೆಕ್ಕ ಅನ್ವಯಿಸುವುದಿಲ್ಲ.

ಸರ್ಜನ್ ಹತ್ತಿರ ಏನು ಕೇಳಬೇಕು

ಹಿರಿಯರ ಜೊತೆ ಮಗನೋ ಮಗಳೋ ಸೊಸೆಯೋ ಹೋಗಿ, ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. "ಡಾಕ್ಟ್ರೇ, ಅಪ್ಪನಿಗೆ ಯಾವ ಲೆವೆಲ್, ಒಂದಾ ಎರಡಾ?" "ನಡುವಿನ ಮೂಳೆ, ಲಿಗಮೆಂಟ್ ಉಳಿಸ್ತೀರಾ?" "ಫೆಸೆಟ್ ಕೀಲು ಎಷ್ಟು ಉಳಿಯುತ್ತೆ?" "ಸ್ಕ್ರೂ ಬೇಕಾ, ಬೇಕಿದ್ರೆ ಯಾಕೆ?" "ನರದ ಸುತ್ತಲಿನ ಪೊರೆ ಹರಿದ್ರೆ ಏನು ಮಾಡ್ತೀರಿ?" ಇಷ್ಟು ಕೇಳಿದರೆ ಸಾಕು. ಇವುಗಳಿಗೆ ಸಿಟ್ಟಾಗದೆ, ಸ್ಕ್ಯಾನ್ ತೋರಿಸಿ ಉತ್ತರ ಕೊಡುವವರ ಕೈಗೆ ಬೆನ್ನು ಕೊಡಬಹುದು.

ಸ್ಕ್ರೂ ಪ್ರಶ್ನೆಯ ಮೇಲೆ ಸ್ವಲ್ಪ ಹೆಚ್ಚು ನಿಲ್ಲಬೇಕು, ಖರ್ಚು, ರಕ್ತಸ್ರಾವ, ಆಸ್ಪತ್ರೆಯ ದಿನಗಳು ಎಲ್ಲವೂ ಅದರಿಂದಲೇ ಹೆಚ್ಚಾಗುವುದು. 2016ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ 247 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಡಿಕಂಪ್ರೆಷನ್ ಮಾತ್ರ, ಇನ್ನೊಂದಕ್ಕೆ ಅದರ ಜೊತೆ ಮೂಳೆ ಬೆಸೆಯುವ ಆಪರೇಷನ್ ಮಾಡಿದರು. ಎರಡು ವರ್ಷದ ನಂತರ ಬೆಸೆದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. 2021ರಲ್ಲಿ ನಾರ್ವೆಯಿಂದ ಬಂದ ಅಧ್ಯಯನದಲ್ಲಿ ಒಂದು ಲೆವೆಲ್‌ನಲ್ಲಿ ಮೂಳೆ ಜಾರಿದ್ದ 267 ಜನರಿದ್ದರು; ಅವರಲ್ಲೂ ಬರೀ ಡಿಕಂಪ್ರೆಷನ್ ಮಾಡಿಸಿಕೊಂಡವರ ಫಲಿತಾಂಶ ಬೆಸೆದವರಿಗಿಂತ ಕೆಟ್ಟದಾಗಿರಲಿಲ್ಲ. ಬಾಗಿದಾಗ ಮೂಳೆ ಬಹಳ ಸರಿದಾಡುತ್ತಿದ್ದರೆ, ಬೆನ್ನು ಪಕ್ಕಕ್ಕೆ ಡೊಂಕಾಗಿದ್ದರೆ, ನರ ಹೊರಬರುವ ಕಿಂಡಿಯೇ ಕುಸಿದಿದ್ದರೆ, ನರ ಬಿಡಿಸಲು ಫೆಸೆಟ್ ಕೀಲನ್ನೇ ತೆಗೆಯಬೇಕಾಗಿದ್ದರೆ ಬೆಸೆಯುವುದಕ್ಕೆ ಕಾರಣವಿದೆ. ಇವುಗಳಲ್ಲಿ ಒಂದೂ ಇಲ್ಲದೆ ಸ್ಕ್ರೂ ಬೇಕೆಂದರೆ ಇನ್ನೊಬ್ಬ ಸರ್ಜನ್ ಅಭಿಪ್ರಾಯ ಕೇಳಿ.

ಬಿಪಿಎಲ್ ಕಾರ್ಡ್ ಇರುವವರು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಏನು ಸಿಗುತ್ತದೆ, ರೆಫರಲ್ ಚೀಟಿ ಹೇಗೆ ಎಂದು ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ. ಚೀಟಿ ಇಲ್ಲದೆ ಮೈಸೂರಿಗೋ ಮಂಗಳೂರಿಗೋ ಹೋಗಿ ಅಡ್ಮಿಟ್ ಆದಮೇಲೆ ಓಡಾಡುವುದು ಬೇಡ.

ಆಪರೇಷನ್ನಿಗೆ ಮೊದಲಿನ ನಾಲ್ಕು ವಾರ

ಹೊಗೆಸೊಪ್ಪು ಬಿಡುವುದು ಮೊದಲ ಕೆಲಸ, ಎಲೆಅಡಿಕೆಯ ಜೊತೆ ಹಾಕುವುದೂ ಸೇರಿ. ಶುಗರ್ ಇರುವವರು ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮಾಡಿಸಿ. 8ಕ್ಕಿಂತ ಮೇಲಿದ್ದರೆ ಅದನ್ನು ಇಳಿಸಿಯೇ ತಾರೀಕು ಹಾಕಿಸುವುದು ಒಳ್ಳೆಯದು, ಗಾಯ ಕೀವಾಗಲು ದೊಡ್ಡ ಕಾರಣ ಅದೇ. ದಿನವೂ ಮದ್ಯ ಸೇವಿಸುವವರು ಎಷ್ಟು ಎಂಬುದನ್ನು ಅರಿವಳಿಕೆ ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕು. ಆಸ್ಪತ್ರೆಯಲ್ಲಿ ಕುಡಿತ ಒಮ್ಮೆಲೇ ನಿಂತಾಗ ಎರಡನೇ, ಮೂರನೇ ದಿನ ಕೈ ನಡುಕ, ಗೊಂದಲ ಶುರುವಾಗುತ್ತದೆ. ಮೊದಲೇ ತಿಳಿದಿದ್ದರೆ ಅದಕ್ಕೆ ಔಷಧಿ ಕೊಟ್ಟು ತಡೆಯಬಹುದು.

ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯದಲ್ಲಿ ಸ್ವಂತ ತೀರ್ಮಾನ ಬೇಡ. ಕ್ಲೋಪಿಡೋಗ್ರೆಲ್ ಅನ್ನು ಸಾಮಾನ್ಯವಾಗಿ 5ರಿಂದ 7 ದಿನ ಮೊದಲು, ವಾರ್ಫರಿನ್ ಅನ್ನು 5 ದಿನ ಮೊದಲು ನಿಲ್ಲಿಸುತ್ತಾರೆ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟರ ಒಪ್ಪಿಗೆ ಪಡೆದೇ ನಿಲ್ಲಿಸಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆಗಳನ್ನು ಮೂರು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಸಕ್ಕರೆ ಮಟ್ಟ ಸರಿಯಿದ್ದಂತೆ ಕಂಡರೂ ರಕ್ತದಲ್ಲಿ ಆಮ್ಲ ಹೆಚ್ಚಬಹುದು. ಮಾತ್ರೆಯ ಹೆಸರು ನೆನಪಿಲ್ಲದಿದ್ದರೆ ಸ್ಟ್ರಿಪ್‌ಗಳನ್ನೇ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಾಟಿ ಔಷಧಿ, ಕಷಾಯ ಕುಡಿಯುತ್ತಿದ್ದರೆ ಅದನ್ನೂ ಹೇಳಿ.

ಆಪರೇಷನ್ ದಿನ ಗಟ್ಟಿ ಆಹಾರ ಕನಿಷ್ಠ 6 ಗಂಟೆ ಮೊದಲು ನಿಲ್ಲಬೇಕು, ನೀರು 2 ಗಂಟೆ ಮೊದಲು. ಹಾಲು ಹಾಕಿದ ಕಾಫಿಯನ್ನು ಗಟ್ಟಿ ಆಹಾರದ ಲೆಕ್ಕಕ್ಕೇ ಸೇರಿಸಿ. ಸೋಸಿದ ಕಪ್ಪು ಕಾಫಿಗೆ ಕೆಲವು ಆಸ್ಪತ್ರೆಗಳಲ್ಲಿ ನೀರಿನ ನಿಯಮವೇ ಅನ್ವಯಿಸುತ್ತದೆ, ಬೆಲ್ಲದ ಕಾಫಿ ನಡೆಯುತ್ತದೆಯೇ ಎಂದು ಮಾತ್ರ ಕೇಳಿಯೇ ಕುಡಿಯಿರಿ. ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಕೈಗಿಡುವ ಮನೆಗಳಲ್ಲಿ ಎಲ್ಲರಿಗೂ ಇದನ್ನು ಹೇಳಿಟ್ಟಿರಬೇಕು, ಒಂದು ಲೋಟ ಹಾಲಿನ ಕಾಫಿಗೆ ಆಪರೇಷನ್ ಮುಂದಕ್ಕೆ ಹೋಗುತ್ತದೆ.

ಮನೆಯನ್ನೂ ಈ ವಾರಗಳಲ್ಲೇ ಸಜ್ಜು ಮಾಡಿ. ಮಂಚ ಮಂಡಿಯ ಎತ್ತರಕ್ಕಿರಲಿ. ಕೂತು ಹೋಗುವ ಶೌಚಾಲಯ ಇಲ್ಲದಿದ್ದರೆ ಕಮೋಡ್ ಚೇರ್ ತನ್ನಿ. ಬಚ್ಚಲಮನೆಗೆ ಮೆಟ್ಟಿಲಿಳಿಯುವ ಹಳೆಯ ಮನೆಗಳಲ್ಲಿ ಗೋಡೆಗೆ ಹಿಡಿಕೆ ಕೂರಿಸಿ. ದಿನಬಳಕೆಯ ಪಾತ್ರೆ, ಬಟ್ಟೆ, ಮಾತ್ರೆ ಎಲ್ಲವೂ ಸೊಂಟದಿಂದ ಎದೆಯ ಮಟ್ಟದೊಳಗೆ ಇರಲಿ.

ಥಿಯೇಟರಿನೊಳಗೆ ನಡೆಯುವುದು

ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಬೋರಲು ಮಲಗಿಸಿ, ಎದೆ ಮತ್ತು ಸೊಂಟದ ಎರಡು ಬದಿಗೆ ಆಧಾರ ಕೊಟ್ಟು, ಹೊಟ್ಟೆ ತೂಗಾಡುವಂತೆ ಬಿಡುತ್ತಾರೆ. ಹೊಟ್ಟೆ ಒತ್ತಿಕೊಂಡರೆ ಬೆನ್ನಿನೊಳಗಿನ ರಕ್ತನಾಳಗಳು ಉಬ್ಬಿ ರಕ್ತಸ್ರಾವ ಹೆಚ್ಚುತ್ತದೆ, ಸರ್ಜನ್‌ಗೆ ಕಾಣುವುದೂ ಕಷ್ಟ.

ಕೊಯ್ಯುವ ಮೊದಲು ಸೂಜಿಯಿಟ್ಟು ಎಕ್ಸ್‌ರೇಯಲ್ಲಿ ಲೆವೆಲ್ ಗುರುತಿಸುತ್ತಾರೆ. ಕೆಲವರಿಗೆ ಎಲ್5 ಕಶೇರು ಕೆಳಗಿನ ತ್ರಿಕಾಸ್ಥಿಗೆ ಅಂಟಿಕೊಂಡಿರುತ್ತದೆ, ಕೆಲವರಿಗೆ ಒಂದು ಹೆಚ್ಚೇ ಇರುವಂತೆ ಕಾಣುತ್ತದೆ. ಅಂಥವರಲ್ಲಿ ಮೇಲಿನಿಂದ ಎಣಿಸಿದರೆ ಒಂದು, ಕೆಳಗಿನಿಂದ ಎಣಿಸಿದರೆ ಇನ್ನೊಂದು. ತಪ್ಪು ಲೆವೆಲ್‌ಗೆ ಆಪರೇಷನ್ ಆಗುವುದು ಹೆಚ್ಚಾಗಿ ಇಲ್ಲಿಂದಲೇ. ರಿಪೋರ್ಟಿನಲ್ಲಿ ಸ್ಯಾಕ್ರಲೈಸೇಷನ್ ಅಥವಾ ಲಂಬರೈಸೇಷನ್ ಎಂಬ ಪದ ಕಂಡರೆ ಸರ್ಜನ್ ಗಮನಕ್ಕೆ ತನ್ನಿ.

ಗಾಯ ಒಂದು ಲೆವೆಲ್‌ಗೆ 3ರಿಂದ 5 ಸೆಂಟಿಮೀಟರ್. ಒಂದು ಬದಿಯ ಸ್ನಾಯುವನ್ನು ಮಾತ್ರ ಮೂಳೆಯಿಂದ ಬಿಡಿಸಿ ಸರಿಸುತ್ತಾರೆ. ಮೈಕ್ರೋಸ್ಕೋಪಿನಡಿ ಸಣ್ಣ ಡ್ರಿಲ್‌ನಿಂದ ಮೇಲಿನ ಕಶೇರಿನ ಲ್ಯಾಮಿನಾದ (ನಾಳದ ಹಿಂಬದಿಯ ಮೂಳೆಹಲಗೆ) ಕೆಳಅಂಚು, ಕೆಳಗಿನದರ ಮೇಲಂಚು ಕೊರೆದು ಕಿಟಕಿಯಷ್ಟು ದಾರಿ ಮಾಡುತ್ತಾರೆ. ಅಲ್ಲಿ ಎದುರಾಗುವುದು ಹಳದಿ ಪಟ್ಟಿ. ಇದು ಹಲವು ಮಿಲಿಮೀಟರ್ ದಪ್ಪಕ್ಕೆ ಬೆಳೆದಿರುತ್ತದೆ, ಕೆಲವು ಕಡೆ ಸುಣ್ಣಗಟ್ಟಿ, ಕೆಲವು ಕಡೆ ನರಗಳನ್ನು ಸುತ್ತಿರುವ ಡ್ಯೂರಾ ಪೊರೆಗೆ ಅಂಟಿಕೊಂಡು. ಕೆರಿಸನ್ ಪಂಚ್ ಎಂಬ ಉಪಕರಣದಲ್ಲಿ ಅದನ್ನು ತುಣುಕು ತುಣುಕಾಗಿ ಕಚ್ಚಿ ತೆಗೆಯುತ್ತಾರೆ. ಆಮೇಲೆ ಟೇಬಲ್ ಸ್ವಲ್ಪ ಓರೆ ಮಾಡಿ, ಬೆನ್ನ ನಡುವೆ ಕೈಗೆ ಸಿಗುವ ನಡುಮೂಳೆಯ ಅಡಿಯಿಂದಲೇ ಆಚೆ ಬದಿಗೂ ತಲುಪಿ ಅಲ್ಲಿನ ಪಟ್ಟಿಯನ್ನೂ ಬಿಡಿಸುತ್ತಾರೆ. ಒಂದೇ ಬದಿಯ ದಾರಿಯಲ್ಲಿ ಎರಡೂ ಬದಿಯ ನರ ಸಡಿಲವಾಗುವುದು ಹೀಗೆ. ಕೊನೆಯಲ್ಲಿ ಮೊಂಡಾದ ಕೊಕ್ಕೆಯನ್ನು ನರದ ಪಕ್ಕದಲ್ಲಿ ಹಾಯಿಸಿ ಎಲ್ಲೂ ಸಿಕ್ಕಿಕೊಳ್ಳುತ್ತಿಲ್ಲ ಎಂದು ನೋಡುತ್ತಾರೆ. ಒಂದು ಲೆವೆಲ್‌ಗೆ ಸುಮಾರು ಒಂದರಿಂದ ಎರಡು ಗಂಟೆ.

ನಡುಮೂಳೆ, ಅದರ ಲಿಗಮೆಂಟು, ಆಚೆ ಬದಿಯ ಸ್ನಾಯು, ಫೆಸೆಟ್ ಕೀಲಿನ ಅರ್ಧಕ್ಕಿಂತ ಹೆಚ್ಚು ಭಾಗ, ಇಷ್ಟೂ ಉಳಿಯುವುದೇ ಈ ವಿಧಾನದ ಸಾರ. ಎರಡು ಬದಿಯಿಂದ ಕಿಟಕಿ ಮಾಡುವ, ನಡುಮೂಳೆಯನ್ನು ಬೇರ್ಪಡಿಸಿ ಒಳಹೋಗುವ ಬಗೆಗಳೂ ಇವೆ. 2022ರಲ್ಲಿ ಪ್ರಕಟವಾದ ನಾರ್ವೆಯ ಇನ್ನೊಂದು ಅಧ್ಯಯನ 437 ರೋಗಿಗಳಲ್ಲಿ ಈ ಮೂರನ್ನೂ ಹೋಲಿಸಿ ಎರಡು ವರ್ಷದ ಫಲಿತಾಂಶ ಒಂದೇ ರೀತಿ ಇತ್ತೆಂದು ಕಂಡಿತು. ಹಾಗಾಗಿ ನಿಮ್ಮ ಸರ್ಜನ್ ಯಾವುದರಲ್ಲಿ ಪಳಗಿದ್ದಾರೋ ಅದನ್ನೇ ಮಾಡಲಿ. ಎಂಡೋಸ್ಕೋಪ್, ಲೇಸರ್ ಎಂಬ ಜಾಹೀರಾತಿನ ಮಾತಿಗೆ ಮರುಳಾಗಬೇಡಿ. ದಪ್ಪವಾದ ಮೂಳೆಯನ್ನು ಲೇಸರಿನಿಂದ ಕರಗಿಸಲಾಗದು.

ಎಡವುವ ಜಾಗಗಳು

ಹೆಚ್ಚಾಗಿ ಆಗುವುದು ಡ್ಯೂರಾ ಪೊರೆ ಹರಿಯುವುದು, ನೂರರಲ್ಲಿ ಐದರಿಂದ ಹತ್ತು ಮಂದಿಗೆ. ವಯಸ್ಸಾದವರಲ್ಲಿ, ಎರಡನೇ ಸಲ ಆಪರೇಷನ್ ಆಗುವವರಲ್ಲಿ ಪೊರೆ ಅಂಟಿಕೊಂಡಿರುವುದೇ ಕಾರಣ. ಅಲ್ಲೇ ಹೊಲಿಗೆ ಅಥವಾ ತೇಪೆ ಹಾಕಿ, ಒಂದೆರಡು ದಿನ ಚಪ್ಪಟೆಯಾಗಿ ಮಲಗಿಸುತ್ತಾರೆ. ಬಹುಪಾಲು ಜನರಿಗೆ ಇದರಿಂದ ಮುಂದೆ ತೊಂದರೆಯಿಲ್ಲ. ಮನೆಗೆ ಬಂದಮೇಲೆ ಎದ್ದು ಕೂತರೆ ತಲೆನೋವು, ಮಲಗಿದರೆ ಹಗುರ, ಗಾಯದಿಂದ ನೀರಿನಂಥ ದ್ರವ ಒಸರುತ್ತಿದೆ ಎಂದರೆ ಮಾತ್ರ ಕೂಡಲೇ ಮರಳಬೇಕು.

ಒಳಗೆ ರಕ್ತ ಹೆಪ್ಪುಗಟ್ಟಿ ನರವನ್ನು ಅಮುಕುವುದು ಅಪರೂಪ, ಆದರೆ ತುರ್ತು. ಆಪರೇಷನ್ ಆದ ಮೊದಲ ಒಂದೆರಡು ದಿನದಲ್ಲಿ ಕಾಲಿನ ನೋವು ದಿಢೀರನೆ ಹೆಚ್ಚಿ, ಬಲ ಇಳಿಯುತ್ತಾ ಹೋದರೆ ಪಕ್ಕದಲ್ಲಿರುವವರು ನರ್ಸ್‌ಗೆ ತಕ್ಷಣ ಹೇಳಬೇಕು. "ಆಪರೇಷನ್ ಆದಮೇಲೆ ನೋವು ಇರುವುದೇ" ಎಂದು ಬೆಳಗಿನವರೆಗೆ ಕಾಯಬಾರದು. ಪ್ರಾಸ್ಟೇಟ್ ದೊಡ್ಡದಾಗಿರುವ ಗಂಡಸರಿಗೆ ಅರಿವಳಿಕೆಯಿಂದಲೂ ಮೂತ್ರ ಕಟ್ಟಬಹುದು. ಯಾವುದರಿಂದ ಎಂದು ತೀರ್ಮಾನಿಸುವುದು ಡಾಕ್ಟರ ಕೆಲಸ, ಹೇಳುವುದು ನಿಮ್ಮ ಕೆಲಸ.

ಕಡಿಮೆ ತೆಗೆದರೂ ತೊಂದರೆ, ಹೆಚ್ಚು ತೆಗೆದರೂ ತೊಂದರೆ. ನಾಳದ ನಡುವನ್ನು ಸಡಿಲಿಸಿ ಮೂಲೆಯಲ್ಲಿ ನರ ಇಳಿಯುವ ಸಂದನ್ನು ಬಿಟ್ಟುಬಿಟ್ಟರೆ ಒಂದು ಕಾಲಿನ ನೋವು ಹಾಗೇ ಉಳಿಯುತ್ತದೆ. ಫೆಸೆಟ್ ಕೀಲನ್ನು ಅತಿಯಾಗಿ ಕೊರೆದರೆ ಆ ಲೆವೆಲ್ ಮುಂದೆ ಜಾರಲು ಶುರುವಾಗಿ, ಬೇಡವೆಂದುಕೊಂಡ ಸ್ಕ್ರೂಗಳೇ ಬೇಕಾಗುತ್ತವೆ.

ಮನೆಗೆ ಬರುವ ದಾರಿ

ಅದೇ ದಿನ ಅಥವಾ ಮರುದಿನ ಎಬ್ಬಿಸಿ ನಡೆಸುತ್ತಾರೆ, ಮೂರು ದಿನದೊಳಗೆ ಮನೆಗೆ ಕಳಿಸುತ್ತಾರೆ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿನಿಂದ ಇನ್ನೂ ಸ್ವಲ್ಪ ಹೆಚ್ಚು, ಜೊತೆಗೆ ಸಂಪಾಜೆ ಘಾಟಿ. ಜೀಪ್ ಬೇಡ, ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿ ಕೂರಿಸಿ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಐದು ನಿಮಿಷ ನಡೆಸಿ. ಕೂತಿರುವಾಗ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು. ತಿರುವಿನಲ್ಲಿ ವಾಂತಿಯಾಗುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ, ವಾಂತಿಯ ರಭಸ ಹೊಸ ಗಾಯಕ್ಕೆ ಒಳ್ಳೆಯದಲ್ಲ. ತೋಟದ ಮಣ್ಣುರಸ್ತೆಯ ಕೊನೆಯ ತುಂಡು ಸಮತಟ್ಟಾಗಿದ್ದರೆ ಇಳಿದು ನಿಧಾನವಾಗಿ ನಡೆದೇ ಹೋಗುವುದು ಮೇಲು.

ಮೊದಲ ಆರು ವಾರ

ನಡಿಗೆಯೇ ಔಷಧಿ. ಮೊದಲ ವಾರ ದಿನಕ್ಕೆ ನಾಲ್ಕೈದು ಸಲ, ಪ್ರತಿಸಲ ಐದರಿಂದ ಹತ್ತು ನಿಮಿಷ. ಆಮೇಲೆ ವಾರಕ್ಕೊಮ್ಮೆ ಐದು ನಿಮಿಷ ಸೇರಿಸುತ್ತಾ ಹೋಗಿ, ಆರನೇ ವಾರಕ್ಕೆ ಒಂದೇ ಸಲಕ್ಕೆ ಅರ್ಧ ಗಂಟೆ ಮುಟ್ಟುವುದು ಗುರಿ. ಗುಡ್ಡದ ಊರಿನಲ್ಲಿ ಸಮತಟ್ಟು ಎಲ್ಲಿದೆ ಎಂದರೆ ಕಾಫಿ ಒಣಗಿಸುವ ಕಣ. ಕುಯ್ಲು ಮುಗಿದ ಮೇಲೆ ಕಣ ಖಾಲಿ, ಸಿಮೆಂಟಿನ ನೆಲ, ಅಳತೆಯೂ ಗೊತ್ತಿರುತ್ತದೆ. 25 ಮೀಟರ್ ಉದ್ದದ ಕಣದಲ್ಲಿ ಹೋಗಿ ಬರುವುದು 50 ಮೀಟರ್. ಮೊದಲ ದಿನ ಎಷ್ಟು ಸುತ್ತು, ಹತ್ತನೇ ದಿನ ಎಷ್ಟು ಎಂದು ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕಣದ ಒಂದು ತುದಿಗೆ ಕುರ್ಚಿ ಇಟ್ಟಿರಿ. ಒದ್ದೆಯಾದ ಕೂಡಲೇ ಕಣ ಜಾರುತ್ತದೆ, ಮಳೆ ಬಂದ ದಿನ ಜಗಲಿಯಲ್ಲೇ ನಡೆಯಿರಿ. ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರಿಗೂ ಕಣ ಬಿಟ್ಟುಕೊಡುವಂತೆ ಮಾಲೀಕರು ತೋಟದ ಲೆಕ್ಕ ನೋಡುವ ರೈಟರ್‌ಗೆ ಹೇಳಿದರೆ ದೊಡ್ಡ ಉಪಕಾರ. ಲೈನ್ ಮುಂದಿನ ಅಂಗಳ ಹೆಚ್ಚಾಗಿ ಇಳಿಜಾರೇ ಇರುತ್ತದೆ. ಏರು, ಇಳಿಜಾರು ಮೂರನೇ ವಾರದ ನಂತರ, ಕೋಲು ಹಿಡಿದು, ಜೊತೆಗೊಬ್ಬರು ಇದ್ದಾಗ.

ಭಾರ 4-5 ಕಿಲೋ ಮೀರಬಾರದು. ಹಂಡೆಯಿಂದ ತೋಡಿದ ಒಂದು ಬಕೆಟ್ ನೀರು 15 ಕಿಲೋಗೂ ಹೆಚ್ಚು, ತುಂಬಿದ ಗ್ಯಾಸ್ ಸಿಲಿಂಡರ್ 30 ಕಿಲೋ ಹತ್ತಿರ. ಮನೆಯ ಹೆಂಗಸರು ಈ ನಿಯಮವನ್ನು ಮೊದಲು ಮುರಿಯುವುದು ಇಲ್ಲೇ, ಯಾಕೆಂದರೆ ಬೇರೆ ಯಾರೂ ಬಕೆಟ್ ಎತ್ತಿಕೊಡುವುದಿಲ್ಲ. ಮನೆಯವರೇ ಪಾಳಿ ಹಾಕಿಕೊಂಡು ಈ ಕೆಲಸ ತೆಗೆದುಕೊಳ್ಳಬೇಕು, ರೋಗಿ ಕೇಳುವವರೆಗೆ ಕಾಯಬಾರದು. ಬಾಗಿ ನೆಲ ಒರೆಸುವುದು, ತಿರುಚಿಕೊಂಡು ಸೌದೆ ಎತ್ತುವುದು, ಒಂದೇ ಸಮನೆ ಅರ್ಧ ಗಂಟೆ ಮೀರಿ ಕೂರುವುದು ಬೇಡ. ಹಾಸಿಗೆಯಿಂದ ಏಳುವಾಗ ಮೊದಲು ಮಗ್ಗುಲಾಗಿ, ಕಾಲುಗಳನ್ನು ಕೆಳಗೆ ಬಿಟ್ಟು, ಕೈಯೂರಿ ಏಳಿ.

ಗಾಯ ಒಣಗಿರಲಿ. ಹೊಲಿಗೆ ಬಿಚ್ಚುವುದು 10ರಿಂದ 14ನೇ ದಿನ, ಅಲ್ಲಿಯವರೆಗೆ ಡ್ರೆಸ್ಸಿಂಗ್ ಒದ್ದೆಯಾದರೆ ಅದೇ ದಿನ ಬದಲಿಸಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೂ ಇದನ್ನು ಮಾಡಿಸಬಹುದು, ಡಿಸ್ಚಾರ್ಜ್ ಸಮ್ಮರಿ ಒಯ್ಯಿರಿ. ಮಳೆಗಾಲದಲ್ಲಿ ಪೂರ್ತಿ ಒಣಗದ ಬನಿಯನ್, ರವಿಕೆ ಗಾಯದ ಮೇಲೆ ಬೇಡ. ಎಣ್ಣೆ, ಅರಿಶಿನ, ನಾಟಿ ಲೇಪ ಯಾವುದನ್ನೂ ಹಚ್ಚಬೇಡಿ. ಗಾಯ ಕೆಂಪಾಗಿ ಊದಿಕೊಂಡು, ಕೀವು ಬಂದು, ಜ್ವರ ಹಿಡಿದರೆ ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ.

ಪಾದದ ಜೋಮು ಪೂರ್ತಿ ಹೋಗದವರು ಇನ್ನೊಂದು ಎಚ್ಚರ ವಹಿಸಬೇಕು. ಗಮ್‌ಬೂಟಿನೊಳಗೆ ಕಲ್ಲು ಸೇರಿದರೂ, ಜಿಗಣೆ ಕಚ್ಚಿ ಗಾಯವಾದರೂ ಅವರಿಗೆ ತಿಳಿಯುವುದಿಲ್ಲ. ಸಂಜೆ ಕಾಲು ತೊಳೆದ ಮೇಲೆ ಅಡಿಪಾದವನ್ನು ಬೇರೆಯವರಿಂದ ನೋಡಿಸಿ, ಶುಗರ್ ಇದ್ದರಂತೂ ದಿನಾ.

ಕೆಲಸಕ್ಕೆ ಮರಳುವುದು

ಮೇಜಿನ ಕೆಲಸಕ್ಕೆ ಮೂರ್ನಾಲ್ಕು ವಾರ. ಕಾರು ಓಡಿಸುವುದು, ನಿದ್ದೆ ಬರಿಸುವ ನೋವಿನ ಮಾತ್ರೆ ನಿಲ್ಲಿಸಿ, ಬ್ರೇಕನ್ನು ಜೋರಾಗಿ ಒತ್ತಬಲ್ಲಿರಿ ಎಂದು ಖಾತ್ರಿಯಾದ ಮೇಲೆ. ಸ್ಕೂಟರ್ ಆರು ವಾರದ ನಂತರ. ಹುಲ್ಲು ಹೊಡೆಯುವ ಮೆಷಿನ್, ಬೆನ್ನಿಗೆ ಕಟ್ಟುವ 16 ಲೀಟರಿನ ಸ್ಪ್ರೇಯರ್, ಮೆಣಸು ಕುಯ್ಯಲು ಏಣಿ ಹತ್ತುವುದು, ಇವು ಮೂರು ತಿಂಗಳ ತನಕ ಬೇಡವೇ ಬೇಡ. 50 ಕಿಲೋದ ಕಾಫಿ ಮೂಟೆ ಹೊರುವುದನ್ನು ಈ ಆಪರೇಷನ್ ಆದವರು ಬಿಟ್ಟೇಬಿಡಬೇಕು ಎಂಬುದು ನಮ್ಮ ಅಭಿಪ್ರಾಯ. ಕೂಲಿ ಕೆಲಸದವರಿಗೆ ಇದು ಸುಲಭದ ಮಾತಲ್ಲ, ಅದಕ್ಕೇ ಡಿಸ್ಚಾರ್ಜ್ ಸಮ್ಮರಿಯಲ್ಲಿ ಯಾವ ಕೆಲಸ ಎಷ್ಟು ತಿಂಗಳು ಬೇಡ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಹಗುರ ಕೆಲಸ ಕೇಳಲು ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.

ನಡೆಯುವಾಗಿನ ಕಾಲುನೋವು ಹಲವರಿಗೆ ಮೊದಲ ವಾರಗಳಲ್ಲೇ ಇಳಿಯುತ್ತದೆ. ಒಟ್ಟಾರೆ ಮೂವರಲ್ಲಿ ಇಬ್ಬರಿಗಾದರೂ ಒಳ್ಳೆಯ ಗುಣ ಕಾಣುತ್ತದೆ. ಜೋಮು ನಿಧಾನ, ಆರು ತಿಂಗಳಿಂದ ಒಂದು ವರ್ಷದವರೆಗೂ ಸ್ವಲ್ಪ ಸ್ವಲ್ಪ ಕಡಿಮೆಯಾಗಬಹುದು, ಬಹಳ ಕಾಲದಿಂದ ಇದ್ದದ್ದು ಉಳಿದುಬಿಡಲೂಬಹುದು. ಕುಂದಿದ ಬಲ ಮರಳುವುದು ಎಷ್ಟು ಬೇಗ ಆಪರೇಷನ್ ಆಯಿತು ಎಂಬುದರ ಮೇಲಿದೆ. ಸೊಂಟನೋವು ಒಂದಷ್ಟು ಉಳಿಯುತ್ತದೆ. ಆರನೇ ವಾರದಿಂದ ಹೊಟ್ಟೆ ಮತ್ತು ಬೆನ್ನಿನ ಸ್ನಾಯು ಗಟ್ಟಿಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು ಮುಂದುವರಿಸಿ.

ವರ್ಷಗಳ ನಂತರ ಮತ್ತೆ ಕಾಲು ಹಿಡಿಯತೊಡಗಿದರೆ ಹಳೆಯ ಎಂಆರ್‌ಐ ಸಿಡಿ, ಆಪರೇಷನ್ ನೋಟ್ಸ್, ನಿಮ್ಮ ನೋಟ್‌ಬುಕ್ ಮೂರನ್ನೂ ತೆಗೆದುಕೊಂಡು ಹೋಗಿ. ಅದೇ ಲೆವೆಲ್ ಮತ್ತೆ ಕಿರಿದಾಗಿದೆಯೇ, ಪಕ್ಕದ ಲೆವೆಲ್ ಹೊಸದಾಗಿ ಸಿಕ್ಕಿಕೊಂಡಿದೆಯೇ, ಮೂಳೆ ಜಾರಿದೆಯೇ ಎಂಬುದರ ಮೇಲೆ ಮುಂದಿನ ದಾರಿ ಬೇರೆಬೇರೆ. ಹೊಸ ಎಂಆರ್‌ಐ ಜೊತೆಗೆ ನಿಲ್ಲಿಸಿ, ಬಾಗಿಸಿ ತೆಗೆಯುವ ಎಕ್ಸ್‌ರೇಯನ್ನು ಆಗಲೂ ಕೇಳಿ ಮಾಡಿಸಿ.